ಮಡಚುವ ಮಂಚ

ಗ್ರಾಸಿಂಡಳ ಅಡುಗೆಮನೆಯ ಮೇಜಿನ ಮೇಲೆ
ಇಡೀ ಸ್ಪೇನ್ ದೇಶ ಹಾಸಿಕೊಂಡಿದೆ;
ನಾಲ್ಕು ಮೂಲೆಗೆ ಉಪ್ಪಿನ ಡಬ್ಬಿ, ಕನ್ನಡಕದ ಪೆಟ್ಟಿಗೆ,
ಒಣಗಿದ ಬ್ರೆಡ್ಡಿನ ತುದಿ, ನನ್ನ ಮೊಣಕೈ.
ಹೊರಗೆ ಮತುಜಿನ್ಯುಶ್ ಬಂದರು
ಮಂಜಿನಲ್ಲಿ ಕೆಮ್ಮುತ್ತಿದೆ.

ಒಂಬತ್ತು ರಾತ್ರಿ ನಮ್ಮ ಕೈಯಲ್ಲಿ.
ಸಾಲಮಾಂಕಕ್ಕೆ ಎರಡು, ತೊಲೆಡೊಗೆ ಎರಡು,
ಕಾರ್ಡೊಬಕ್ಕೆ ಒಂದು ಸಾಕು ಅಂತಾಳೆ ಒಡೀಲಿಯ,
ಅಲ್ಲಿ ಸೆಪ್ಟೆಂಬರಿನಲ್ಲೂ ಕೆಂಡ.
ಒಂದು ರಾತ್ರಿಯಲ್ಲಿ ಏನು ನೋಡ್ತೀಯೆ, ಬಾಗಿಲ ಚಿಲಕಾನಾ?
ಅಂತಾಳೆ ಗ್ರಾಸಿಂಡ. ಒಡೀಲಿಯ ಬಗ್ಗುವವಳಲ್ಲ.
ಸೆವಿಲ್‌ಗೆ ಮೂರು. ಅದರಲ್ಲಿ ಜಗಳವಿಲ್ಲ.
ಕೂಡಿಸಿದರೆ ಎಂಟು.
ಇನ್ನೊಮ್ಮೆ ಕೂಡಿಸಿದರೂ ಎಂಟೇ.
ಮೂವತ್ತೊಂದು ವರ್ಷ ಡಬ್ಬಿಗೆ ಎಂಟೆಂಟು ಮರಿ ಸಾರ್ಡೀನು
ತಲೆ ಬಾಲ, ತಲೆ ಬಾಲ ಎಂದು ಜೋಡಿಸಿದ ಕೈಗಳಿಗೆ
ಒಂಬತ್ತನೆಯದನ್ನು ಎಲ್ಲಿ ತುರುಕಬೇಕೋ ತಿಳಿಯುತ್ತಿಲ್ಲ.

ಇರಲಿ, ಮೊದಲು ಉಳಿಯುವ ಜಾಗ.
ಒಡೀಲಿಯಳಿಗೆ ಲಿಫ್ಟ್ ಬೇಕು, ಮೊಣಕಾಲು ಒಪ್ಪಬೇಕಲ್ಲ.
ಗ್ರಾಸಿಂಡಳಿಗೆ ಕಿಟಕಿ ಬೇಕು, ಬೀದಿ ಬೇಡ;
ಕಿಟಕಿ ಇದ್ದ ಮೇಲೆ ಬೀದಿ ಪಾಪ ಎಲ್ಲಿಗೆ ಹೋಗಬೇಕು?
ತೊಲೆಡೊದಲ್ಲಿ ಸನ್ಯಾಸಿನಿಯರು ನಡೆಸುವ ಒಂದು ಮನೆ:
ಅಗ್ಗ, ಸ್ವಚ್ಛ, ರಾತ್ರಿ ಹನ್ನೊಂದಕ್ಕೆ ಬಾಗಿಲು ಬಂದ್.
‘ಅರವತ್ತೇಳಕ್ಕೆ ಇನ್ನೊಬ್ಬ ಅಮ್ಮ ಬೇಡ ನನಗೆ’
ಎಂದು ಒಡೀಲಿಯ ಮೊಮ್ಮಗನ ಹಳೆಯ ಫೋನಿನಲ್ಲಿ
ಒಂದೇ ಬೆರಳಿಂದ ಇಡೀ ಮಠವನ್ನು ಪಕ್ಕಕ್ಕೆ ತಳ್ಳುತ್ತಾಳೆ.

‘ನಿಲ್ದಾಣದಿಂದ ಐದೇ ನಿಮಿಷ’ ಎಂದು ಬರೆದವನಿಗೆ
ಇಪ್ಪತ್ತರ ಕಾಲಿರಬೇಕು.
ನಮಗದು ಹದಿನೈದು, ನಡುವೆ ಒಂದು ಬೆಂಚು.
‘ನಿಶ್ಶಬ್ದ ಕೋಣೆ’ ಅಂದರೆ ಕಿಟಕಿಯಾಚೆ ಗೋಡೆ.
‘ಹಳೆಯ ಸೊಗಡು’ ಅಂದರೆ
ಬಿಸಿನೀರಿಗೆ ಮನಸ್ಸು ಬಂದಾಗ ಬಿಸಿನೀರು.

ಎಲ್ಲ ಕಡೆಯೂ ಕೊನೆಗೆ ಅದೇ ಸಾಲು:
ಮೂವರಿಗೆ ಕೋಣೆ. ಎರಡು ಹಾಸಿಗೆ, ಒಂದು ಮಡಚುವ ಮಂಚ.

ಆ ಮಂಚ ನನಗೆ ಗೊತ್ತು.
ನಡುಬೆನ್ನಿಗೆ ಕಬ್ಬಿಣದ ಪಟ್ಟಿ,
ಹೊರಳಿದರೆ ದೂರು ಹೇಳುವ ಸ್ಪ್ರಿಂಗು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು
ಬೆನ್ನನ್ನು ಏನು ಮಾಡಬೇಕೆಂದು ಹೇಳಲೇ ಇಲ್ಲ.

ಇಬ್ಬರೂ ನನ್ನತ್ತ ನೋಡುತ್ತಿಲ್ಲ.
ನೋಡದಿರುವ ಆ ರೀತಿಯಲ್ಲೇ
ಅಲ್ಜಿರ ಎಂಬ ನನ್ನ ಹೆಸರು ಬರೆದಿದೆ.
ನಾನು ಗಿಡ್ಡಿ. ಗೊರಕೆ ಹೊಡೆಯದವಳು.
ಮದುವೆ ಆಗದವಳು, ಆದ್ದರಿಂದ
ಅರ್ಧ ಹಾಸಿಗೆಯ ಅಭ್ಯಾಸವಿಲ್ಲದಿದ್ದರೂ
ಕಾಲು ಹಾಸಿಗೆ ಸಾಕಾಗುವವಳು.
ಕಾರ್ಖಾನೆಯಲ್ಲೂ ಸಾಲಿನ ಕೊನೆಯಲ್ಲಿ ನಿಂತು
ಖಾಲಿ ಬುಟ್ಟಿ ಹಿಂದಕ್ಕೆ ಕಳಿಸಿದವಳು.
ನಾಲ್ಕು ಊರಲ್ಲೂ ಆ ಮಂಚ ನನ್ನದೆಂದು
ಯಾರೂ ಹೇಳದೆ ಠರಾವು ಪಾಸಾಯಿತು.

ನಾನು ಪೆನ್ಸಿಲ್ ಎತ್ತಿಕೊಂಡೆ.
ಸೆವಿಲ್‌ನಿಂದ ಮೇಲಕ್ಕೆ, ಬಸ್ಸು ಬರುವ ದಾರಿಯಲ್ಲಿ,
ಎಳ್ಳಷ್ಟು ಚುಕ್ಕೆಯ ಸುತ್ತ ಒಂದು ಸುತ್ತು ಎಳೆದೆ. ಸಾಫ್ರ.
‘ಅಲ್ಲೇನಿದೆ?’
‘ಗೊತ್ತಿಲ್ಲ. ಒಂಟಿ ಕೋಣೆಗಳಿವೆ. ಮೂರು.’

ಉಪ್ಪಿನ ಡಬ್ಬಿಯನ್ನು ಒಡೀಲಿಯ ಸುಮ್ಮನೆ ತಿರುಗಿಸಿದಳು.
‘ಒಬ್ಬಳೇ ಮಲಗಿದರೆ ನನ್ನ ಗೊರಕೆಗೆ ಎಬ್ಬಿಸುವವರು ಯಾರೆ?’
ಗ್ರಾಸಿಂಡ ನಗಿಸಲು ಹೇಳಿದಳು,
ಹೇಳಿ ಮುಗಿಸುವಾಗ ಅವಳಿಗೇ ನಗು ಬರಲಿಲ್ಲ.
‘ಲಿಫ್ಟ್ ಇದೆಯಾ?’
‘ಇಲ್ಲ’ ಅಂದೆ.
ಬರೆದೆ: ಒಂಬತ್ತನೆಯ ರಾತ್ರಿ, ಸಾಫ್ರ.

ಹೋಗುವಾಗ ಗಡಿಯಲ್ಲಿ ಒಂದು ಗಂಟೆ ಕಳೆದುಹೋಗುತ್ತದೆ,
ಬರುವಾಗ ಯಾರೂ ಕೇಳದೆ ವಾಪಸು ಸಿಗುತ್ತದೆ.
ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಚಹಾ ಆರಿತು. ನಕ್ಷೆ ಮಡಚಲು ಹೋದೆವು,
ಮೂವರೂ ಒಂದೊಂದು ತುದಿ ಹಿಡಿದು.
ಹಳೆಯ ಮಡಿಕೆಗೆ ಅದು ಒಪ್ಪಲಿಲ್ಲ.