ಮೂರನೇ ವಾರ್ಡಿನ ತಕ್ಕಡಿ

ಲಿಲ್ಲಿ ಟೀಚರೇ,
ಎರಡು ಹೆಸರಿನ ಮೇಲೂ ಮುದ್ರೆ ಒತ್ತಿ
ಮಡಚಿ ಪೆಟ್ಟಿಗೆಗೆ ಹಾಕಿ ಬಂದೆ ಎಂದಿರಿ.
ಸಿದ್ದಾಪುರದ ಸಂತೆಯಲ್ಲಿ, ಒಣಮೀನು ಆರಿಸುತ್ತಾ,
ನಗುನಗುತ್ತಾ ಎಂದಿರಿ.
ನಾನೂ ನಕ್ಕೆ. ಬಸ್ಸು ಹತ್ತಿದ ಮೇಲೆ
ಆ ನಗು ಬಾಯಲ್ಲೇ ಹುಳಿಯಾಯಿತು.

ಪಳಂಗಪ್ಪ ಕಳ್ಳ. ಇದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಹೊಳೆ ಮನೆಯೊಳಗೆ ಬಂದ ವರ್ಷ
ನಮ್ಮ ಲೈನಿಗೆಂದು ಬಂದ ಟಾರ್ಪಾಲು ನಲವತ್ತು,
ಕೈಗೆ ಸಿಕ್ಕಿದ್ದು ಮೂವತ್ತೊಂದು.
ಉಳಿದ ಒಂಬತ್ತು ಅವನ ಕಣದಲ್ಲಿ
ಕಾಫಿಯನ್ನು ತಬ್ಬಿ ಮಲಗಿದ್ದವು.
ಅವನ ಚುನಾವಣೆಯ ಗುರುತು ತಕ್ಕಡಿ.
ದೇವರಿಗೂ ತಮಾಷೆ ಗೊತ್ತು.

ಸುಬೇದಾರ್ ಬೆಳ್ಯಪ್ಪ ಕಳ್ಳನಲ್ಲ.
ಪಂಚಾಯ್ತಿಯಲ್ಲಿ ಕುಡಿದ ಚಹಾಕ್ಕೂ
ತನ್ನ ಜೇಬಿನಿಂದ ಕೊಡುವ ಜನ.
ಮಾತಿಗೂ ಇಸ್ತ್ರಿ.
ಆ ಇಸ್ತ್ರಿ ಮಾತಿನಲ್ಲೇ ಹೇಳಿದ್ದು:
ಹೊಳೆದಡದವರಿಗೆ ಕಾಗದ ಇಲ್ಲ,
ಕಾಗದ ಇಲ್ಲದವರಿಗೆ ಊರಿಲ್ಲ,
ಗೆದ್ದ ತಿಂಗಳೊಳಗೆ ತೆರವು.
ಹೇಳಿದ್ದನ್ನು ಮಾಡುವ ಮನುಷ್ಯ. ನನ್ನ ಹೆದರಿಕೆಯೇ ಅದು.

ಜಿಗಣೆ ನಮಗೆ ಹೊಸದಲ್ಲ ಟೀಚರೇ.
ಹೊಟ್ಟೆ ತುಂಬ ಹೀರಿ ತಾನೇ ಉದುರುತ್ತದೆ,
ಸುಣ್ಣ ಮುಟ್ಟಿಸಿದರೆ ಇನ್ನೂ ಬೇಗ.
ಕಾಲು ಮಾತ್ರ ನಮ್ಮ ಹತ್ತಿರವೇ ಉಳಿಯುತ್ತದೆ.

ನಾನು ಅಂಗನವಾಡಿಯವಳು, ಪ್ರಚಾರ ಮಾಡುವ ಹಾಗಿಲ್ಲ.
ಮಾಡಿದೆ.
ಹಣ್ಣು ಕುಯ್ದು ಬಂದವರು ಸೊಂಟ ನೀವಿಕೊಳ್ಳುವ ಹೊತ್ತು
ಬ್ಯಾಟರಿ ಹಿಡಿದು, ತೋಟದಲ್ಲಿ ಆನೆ ಇದೆಯಾ ಎಂದು
ನಿಂತು ನಿಂತು ಕಿವಿಗೊಟ್ಟು,
ಒಂದೊಂದೇ ಬಾಗಿಲು.
ಕೊನೆಯ ಬಾಗಿಲಲ್ಲಿ ಎರವರ ಬೊಳ್ಚಿ
ಒಲೆ ಊದುತ್ತಾ ಕೇಳಿದಳು:
ಒಳ್ಳೆಯವನಾ ಅಕ್ಕ?
ಅಲ್ಲ ಎಂದೆ.
ಮತ್ತೆ?
ಹಾಕು ಎಂದೆ.
ಅವಳು ಕಣ್ಣು ಮುಚ್ಚಿದ್ದು ಹೊಗೆಗೋ,
ನನ್ನ ಮುಖ ನೋಡಲಾರದೆಯೋ.

ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು
ಎನ್ನುತ್ತಿದ್ದಳು ಅಜ್ಜಿ.
ಮೆಳ್ಳೆಗಣ್ಣಿಗೆ ಒಬ್ಬನೇ ಪಳಂಗಪ್ಪ
ಇಬ್ಬರಾಗಿ ಕಾಣುತ್ತಾನೆಂದು ಹೇಳಿರಲಿಲ್ಲ.
ಒಬ್ಬ, ಟಾರ್ಪಾಲು ಕದ್ದವನು.
ಇನ್ನೊಬ್ಬ, ನಮ್ಮ ಗೋಡೆಗೆಂದು ಜೇಸಿಬಿ ಬಂದ ದಿನ
ದಾರಿಗೆ ಅಡ್ಡ ಕೂತವನು.
ಕುಡಿದಿದ್ದ, ಅದೂ ನಿಜ.
ಎಬ್ಬಿಸಲು ನಾಲ್ಕು ಪೊಲೀಸರು ಸಾಲಲಿಲ್ಲ, ಅದೂ ನಿಜ.

ಗೆದ್ದದ್ದು ಹನ್ನೊಂದು ಓಟಿಗೆ.
ತಿರಸ್ಕೃತ ಹದಿನಾಲ್ಕು.
ಅದರಲ್ಲಿ ನಿಮ್ಮದು ಎಲ್ಲಕ್ಕಿಂತ ಶುಭ್ರ, ಗೊತ್ತು.
ನಿಮ್ಮ ಮನೆಗೆ ಹಕ್ಕುಪತ್ರ ಇದೆ ಟೀಚರೇ.
ಬೈಯುತ್ತಿಲ್ಲ.
ಇದೆ, ಅಷ್ಟೇ.

ಮರುದಿನ ಲಾಡಿನ ಡಬ್ಬ ಹಿಡಿದು ಬಂದ.
ಮಕ್ಕಳಿಗೆಲ್ಲ ಒಂದೊಂದು, ನನಗೆ ಎರಡು.
ತಿಂದೆ. ಸಿಹಿಯಾಗಿಯೇ ಇತ್ತು, ಏನು ಮಾಡಲಿ.
ಕೈ ಒರೆಸಿಕೊಂಡು,
ಒಂಬತ್ತು ಟಾರ್ಪಾಲು ಎಂದೆ.
ನಕ್ಕ. ಇನ್ನೊಂದು ಲಾಡು ಇಟ್ಟ.
ಒಂಬತ್ತು ಎಂದೆ.
ಈ ಸಲ ನಗಲಿಲ್ಲ.

ರಾತ್ರಿ ಮೊಟ್ಟೆ ರಿಜಿಸ್ಟರಿನ ಕೊನೆಯ ಹಾಳೆ ತೆರೆದು
ತಾರೀಖು ಬರೆದೆ, ಅವನ ಹೆಸರು ಬರೆದೆ,
ಬಾಕಿ ಒಂಬತ್ತು ಎಂದು ಬರೆದೆ.
ಪಕ್ಕದಲ್ಲಿ ನನ್ನ ಹೆಸರನ್ನೂ ಬರೆದೆ.
ತಂದು ಕೂರಿಸಿದವಳು ನಾನೂ ಹೌದಲ್ಲ.

ಉಗುರಿನ ಶಾಯಿ ಇನ್ನೂ ಬುಡದಲ್ಲೇ ಇದೆ.
ಜೂನಿಗೆ ಐದು ತಿಂಗಳು.
ನಾಳೆಯೂ ಅವನ ಕಣದ ತನಕ ಹೋಗಿ ಬರಬೇಕು,
ಮಕ್ಕಳಿಗೆ ಮೊಟ್ಟೆ ಹಂಚಿದ ಮೇಲೆ.