ನಲವತ್ತೊಂದು

ಬೈತಕೋಲ ಬಂದರಿನ ಸೊಸೈಟಿಗೆ ಕಿಟಕಿ ಮೂರು:
ಡೀಸೆಲ್‌ಗೊಂದು, ಐಸಿಗೊಂದು, ಟೋಕನ್ನಿಗೊಂದು.
ಮೊದಲು ಮೂರಕ್ಕೂ ಬೇರೆಬೇರೆ ಬಾಯಿ.
ಒಂದು 'ಬೋಟು ವಾಪಸಾಗಿಲ್ಲ' ಅಂದರೆ
ಇನ್ನೊಂದು 'ಆಗಮನ ದಾಖಲಾಗಿರುವುದಿಲ್ಲ',
ಮೂರನೆಯದಕ್ಕೆ ಅಷ್ಟೂ ಬಾರದು,
'ಎರರ್' ಎಂದು ಮುಖ ತಿರುಗಿಸುತ್ತಿತ್ತು.

ನಾನು ಬಂದ ವರ್ಷ ಆ ಮಾತನ್ನೆಲ್ಲ
ಪ್ರೋಗ್ರಾಮುಗಳ ಹೊಟ್ಟೆಯಿಂದ ಬಗೆದು ತೆಗೆದೆ,
ಬಂಗುಡೆಯ ಕರುಳು ತೆಗೆದ ಹಾಗೆ, ಹೆಬ್ಬೆರಳಲ್ಲಿ.
ಒಂದೇ ಕೋಷ್ಟಕದಲ್ಲಿ ಸಾಲಾಗಿ ಮಲಗಿಸಿದೆ:
ಸಂಖ್ಯೆ, ಭಾಷೆ, ವಾಕ್ಯ.

ಎತ್ತಿಕೊಡಲು ಒಂದು ಫಂಕ್ಷನ್ ಇದೆ, ನಾನು ಬರೆದದ್ದಲ್ಲ,
ಡೇಟಾಬೇಸಿನ ಜೊತೆಗೇ ಹುಟ್ಟಿ ಬಂದದ್ದು.
ಯಾವ ಕಿಟಕಿಯಿಂದ ಕರೆದರೂ ಓಗೊಡುತ್ತದೆ.
ಸಂಖ್ಯೆ ಹೇಳಬೇಕು, ಭಾಷೆ ಹೇಳಬೇಕು,
ಬೋಟಿನ ಹೆಸರಿಗೆ ವಾಕ್ಯದಲ್ಲಿ ಜಾಗ ಬಿಟ್ಟಿರಬೇಕು:
ಶೇಕಡಾ ಗುರುತು, ಪಕ್ಕದಲ್ಲಿ ಸೊನ್ನೆ.
ಸಾಂತೇರಿ ಪ್ರಸನ್ನವೂ ಅದೇ ಸೊನ್ನೆಯೊಳಗೆ ಬಂದು ಕೂರಬೇಕು,
ಇಶಾಕ್ ಸಾಹೇಬರ ನೂರೇ ದರಿಯಾವೂ.

ವಾಕ್ಯ ಸಿಗದಿದ್ದರೆ ಅದು ಏನನ್ನೂ ಕಟ್ಟಿ ಹೇಳುವುದಿಲ್ಲ,
ಬೇರೆ ಭಾಷೆಯಿಂದ ಸಾಲ ತರುವುದಿಲ್ಲ.
ಕೇಳಿದ ಸಂಖ್ಯೆಯನ್ನೇ ತಿರುಗಿ ಕೊಡುತ್ತದೆ,
ಚಿಲ್ಲರೆ ಇಲ್ಲದ ಅಂಗಡಿಯವ
ನಮ್ಮ ನೋಟನ್ನೇ ನಮಗೆ ಚಾಚಿದ ಹಾಗೆ.

ಕನ್ನಡ ನಾನೇ ಬರೆದೆ. ಕೊಂಕಣಿ, ಐಸ್ ಕಿಟಕಿಯ ತುಳಸಾ ಮೇಸ್ತ,
ಊಟದ ಹೊತ್ತಿನಲ್ಲಿ, ಹಳೆ ಬಿಲ್ಲುಗಳ ಬೆನ್ನಿಗೆ.
ನಲವತ್ತು: ಐಸ್ ಮುಗಿದಿದೆ. ನಗುತ್ತ ಬರೆದಳು.
ನಲವತ್ತೊಂದು: ಸೊನ್ನೆ ಇನ್ನೂ ಮರಳಿಲ್ಲ.
ಪೆನ್ನಿಗೆ ಟೊಪ್ಪಿ ಹಾಕಿದಳು.
'ಇದು ನಾಳೆ.'
ನಾಳೆ ನಲವತ್ತೆರಡರಿಂದ ಶುರು ಮಾಡಿದಳು.
ನಾನೂ ಕೇಳಲಿಲ್ಲ.

ಆಗಸ್ಟಿನ ಕೊನೆ. ದೇವಗಡದ ದೀಪದಾಚೆ ಗಾಳಿ ಎದ್ದ ರಾತ್ರಿ
ಕೊಂಕಣಿಯಲ್ಲಿ ಓಡುತ್ತಿದ್ದ ಟೋಕನ್ ಕಿಟಕಿಯ ಪರದೆ
ಒಮ್ಮೆಲೇ
೪೧
ಎಂದಿತು. ಅಷ್ಟೇ.

ಯಾರ ಬೋಟು? ವಾಕ್ಯವೇ ಇಲ್ಲದ ಮೇಲೆ
ಹೆಸರು ಬಂದು ಕೂರಲು ಸೊನ್ನೆ ಎಲ್ಲಿಯದು?
ಬುಟ್ಟಿ ಹೊತ್ತವರು ಬುಟ್ಟಿ ಇಳಿಸಿದರು.
ಬಲೆ ಹೊಲಿಯುವವರು ಸೂಜಿ ಕಿವಿಗೆ ಸಿಕ್ಕಿಸಿ ಬಂದರು.
ಮೂರು ಮಂದಿ ಅಂಡೇಲರು ಜಗಳ ನಿಲ್ಲಿಸಿ
ವೈರ್‌ಲೆಸ್ಸಿಗೆ ಕಿವಿಯಿಟ್ಟರು.
ಯಾರದೆಂದು ತಿಳಿಯದ್ದರಿಂದ ಅದು ಎಲ್ಲರದಾಯಿತು;
ಬೆಳಗಿನ ನಾಲ್ಕರವರೆಗೆ ಒಬ್ಬರೂ ಮನೆಗೆ ಹೋಗಲಿಲ್ಲ.

ಬಂತು. ಪಂಪು ಕೆಟ್ಟು ಕೂರ್ಮಗಡದ ಮರೆಯಲ್ಲಿ ನಿಂತಿತ್ತಂತೆ.
ಪರದೆಯಲ್ಲಿ ನಲವತ್ತಮೂರು, ತುಳಸಾಳ ಅಕ್ಷರದ್ದು:
ನಾಲ್ಕು ಬುಟ್ಟಿ, ಐಸಿನ ದುಡ್ಡು ಬಾಕಿ.

ಈಗ ಬಂದರಿನಲ್ಲಿ ಅದೊಂದು ಶಬ್ದ.
ಊಟಕ್ಕೆ ಬಾರದ ಗಂಡ, ಕೈಗಡ ಕೊಟ್ಟ ಐನೂರು,
ಟ್ಯೂಷನ್ನಿನಿಂದ ತಡವಾದ ಹುಡುಗಿ, ಎಲ್ಲಕ್ಕೂ
'ಏಕೇಚಾಳೀಸ' ಅನ್ನುತ್ತಾರೆ,
ಅಂದು, ಬಾಗಿಲ ಕಡೆ ನೋಡುತ್ತಾರೆ.

ಮಂಗಳೂರಿನಿಂದ ಬಂದ ಆಡಿಟರು ಕೆಂಪು ಶಾಯಿಯಲ್ಲಿ ಬರೆದರು:
ಸಂದೇಶ ೪೧, ಕೊಂಕಣಿ ಪಠ್ಯ ಬಿಟ್ಟುಹೋಗಿದೆ, ಸರಿಪಡಿಸಿ.
ಸಾಲು ತೆರೆದೆ. ಅಜೂನ ಯೇವ್ಂಕ ನಾ, ಒತ್ತಿದೆ.
ಮುಂದೆ ಸೊನ್ನೆ ಇಡಬೇಕಿತ್ತು.
ಒದ್ದೆ ಕೈ ಸೀರೆಗೆ ಒರೆಸುತ್ತ
ತುಳಸಾ ಹಿಂದೆ ಬಂದು ನಿಂತಿದ್ದಳು.

'ಬರೆದರೆ ಹೆಸರೂ ಬರ್ತದಲ್ಲ?'
'ಬರ್ತದೆ.'
'ಹೆಸರು ಬಂದರೆ ಉಳಿದವರು ಮನೆಗೆ ಹೋಗ್ತಾರೆ.'

ಅಳಿಸಿದೆ. ಸಾಲು ಖಾಲಿ.
ಆಡಿಟರಿಗೆ ಏಳನೆಯ ಸಂದೇಶ ಕಳಿಸಿದೆ,
ಅದು ಮೂರೂ ಭಾಷೆಯಲ್ಲಿ ಸರಿಯಾಗಿದೆ:
ನಿಮ್ಮ ವಿನಂತಿ ಪರಿಶೀಲನೆಯಲ್ಲಿದೆ.