ಒಂದು ಕಾಲಿಗೆ ಅರ್ಧ ಬೆಲೆ

ಬ್ರೂಸ್‌ಪೇಟೆಯ ಗೋಡೆ ಮೇಲೆ ನಾಲ್ಕು ವರ್ಷದಿಂದ
ಆ ಹುಡುಗ ನಿಂತಿದ್ದ, ಜೇಬಿನಲ್ಲಿ ಹೆಬ್ಬೆರಳು,
ಮಂಡಿ ತನಕ ಬಿಸಿಲು.
ಅಂಥ ಪ್ಯಾಂಟು ನಾನೇ ಸಾವಿರ ಹೊಲಿದಿದ್ದೇನೆ.
'ಎಷ್ಟು ಒಗೆದರೂ ಬಣ್ಣ ಬಿಡದು'
ಬರೆದವನು ಹೊನ್ನೂರಲಿ ಪೇಂಟರ್.
ಅಡಿಯಲ್ಲಿ ಸಣ್ಣಗೆ ಅವನ ನಂಬರು,
ಕೊನೆಯ ಅಂಕಿ ಯಾರೋ ಉಚ್ಚೆ ಹೊಯ್ದು ಅಳಿಸಿದ್ದರು.

ಆ ತಿಂಗಳು ಚಹಾದಂಗಡಿ ಟೀವಿಯಲ್ಲಿ
ಸೋಪು, ಯುದ್ಧ, ಬನಿಯನ್ನು, ಮತ್ತೆ ಯುದ್ಧ.
ಎಲ್ಲಕ್ಕೂ ಒಂದೇ ಗಂಟಲು.
ಮಂಡಕ್ಕಿ ಒಗ್ಗರಣಿ ತಿನ್ನುತ್ತ
'ಹಾಕ್ರಿ, ಇನ್ನೊಂದು ಹಾಕ್ರಿ' ಅಂದರು ಗಿರಾಕಿಗಳು.
ಬಾಂಬಿಗೋ ಮಿರ್ಚಿಗೋ ತಿಳಿಯಲಿಲ್ಲ.

ನಮ್ಮ ಶೆಡ್ಡಿಗೆ ಮಿಲಿಟರಿ ಚುಕ್ಕೆಯ ಬಟ್ಟೆ ಬಂತು. ಫ್ಯಾಷನ್ನಂತೆ.
ಐದು ವರ್ಷದ ಮಕ್ಕಳ ಅಳತೆ.
ಪೀಸಿಗೆ ಹನ್ನೊಂದು ರೂಪಾಯಿ. ಹೊಲಿದೆ.

ಒಂದು ಬೆಳಗ್ಗೆ ಗೋಡೆಯ ಹುಡುಗನಿಗೆ
ಎಡಗಾಲಿಲ್ಲ.
ಮಂಡಿಯ ಕೆಳಗೆ ಪ್ಯಾಂಟು ಮಡಚಿ ಪಿನ್ನು ಹಾಕಿತ್ತು,
ಪಿನ್ನಿನ ಹೊಳಪನ್ನೂ ಬಿಟ್ಟಿರಲಿಲ್ಲ, ಕಸುಬುದಾರ.
ನಗು ಹಾಗೇ. ಹೆಬ್ಬೆರಳು ಹಾಗೇ.
ಅದೇ ದುಂಡಕ್ಷರ, ಅದೇ ಹಳದಿ:
ಯುದ್ಧದ ಭರ್ಜರಿ ಆಫರ್!
ಒಂದು ಕಾಲಿಗೆ ಅರ್ಧ ಬೆಲೆ.
ಕೆಳಗೆ, ಮುಟ್ಟದೆ ಬಿಟ್ಟ ಹಳೆಯ ಸಾಲು:
ಎಷ್ಟು ಒಗೆದರೂ ಬಣ್ಣ ಬಿಡದು.

ಮಾಲೀಕ ಎರ್ರಿಸ್ವಾಮಿ ಸುಣ್ಣ ತರಿಸಿದರು.
ಪೊಲೀಸರು ಅಳಿಸಿದ ಅಂಕಿಗಾಗಿ
ಸೊನ್ನೆಯಿಂದ ಒಂಬತ್ತರವರೆಗೆ ಫೋನು ಹಚ್ಚಿದರು.
ಸಿರುಗುಪ್ಪದ ಯಾವಳೋ ಹೆಂಗಸು
ಬಾಯಿಗೆ ಬಂದಂಗೆ ಬೈದಳಂತೆ.

ಸುಣ್ಣ ಕಲಸುವಷ್ಟರಲ್ಲಿ ಒಬ್ಬ ಬಂದ,
ಕಂಕುಳಲ್ಲಿ ಕೋಲು, ಸಂಡೂರಿನ ಕಡೆಯವನು, ಹಳೇ ಸಿಪಾಯಿ.
'ಆಫರ್ ಇವತ್ತೂ ಐತೇನ್ರಿ?'
ತಮಾಷೆ ಮಾಡುತ್ತಿರಲಿಲ್ಲ.
'ಇಷ್ಟು ವರ್ಷ ಎರಡೂ ಕಾಲಿನ ರೊಕ್ಕ ಕೊಟ್ಟೀನಿ.'

ಮಾಲೀಕರು ಗೋಡೆ ನೋಡಿದರು, ಬಕೀಟು ನೋಡಿದರು.
'ಜಿಪ್ಪು ಅರ್ಧ ಆಗಲ್ಲ, ಗುಂಡಿ ಅರ್ಧ ಆಗಲ್ಲ' ಅಂದರು
ಯಾರಿಗೋ ಲೆಕ್ಕ ಒಪ್ಪಿಸುವವರ ಹಾಗೆ.
ಆಮೇಲೆ: 'ಹುಲಿಗೆಮ್ಮ, ಅಳತಿ ತಗೋ.'

ತಗೊಂಡೆ. ಟೇಪು ಮಂಡಿಗೆ ಬಂದು ನಿಂತಿತು,
ಮುಂದೆ ಹೋಗಲು ಏನೂ ಇರಲಿಲ್ಲ.
ಕತ್ತರಿಸಿ, ತುದಿ ಮಡಚಿ, ಎರಡು ಹೊಲಿಗೆ ಹಾಕಿದೆ.
ಅವನು ಅರ್ಧ ಕೊಟ್ಟ. ಮಾಲೀಕರು ಎಣಿಸದೆ ಗಲ್ಲಾಕ್ಕೆ ಹಾಕಿದರು.

ಗೋಡೆ ಈಗ ಬಿಳಿ. ಹೊನ್ನೂರಲಿ ಎಲ್ಲಿದ್ದಾನೋ.
ಮಿಕ್ಕ ಎಡಗಾಲು ನನ್ನ ಮಿಷನ್ನಿನ ಮೇಲಿದೆ,
ಎಣ್ಣೆ ಒರೆಸಲು ಇಟ್ಟುಕೊಂಡದ್ದು.
ಒರೆಸಿಲ್ಲ.

ಅವತ್ತು ಮುಂದಿನ ಪೀಸು ಎತ್ತಿಕೊಂಡೆ,
ಚುಕ್ಕೆ ಬಟ್ಟೆ, ಐದು ವರ್ಷ.
ಎರಡು ಕಾಲೂ ಜೋಡಿಸಿ ಹಿಡಿದು ನೋಡಿದೆ.
ಸಮ ಇದ್ದವು.